ಗ್ರಾಮೋದ್ಯಮಗಳಿಗೆ ಸರ್ಕಾರದ ಸಹಾಯಧನವೂ ಅದರ ಲೆಕ್ಕವೂ

ಹೊಲದ ಹುಟ್ಟುವಳಿಯನ್ನು ಇದ್ದಂತೆಯೇ ಮಾರುವುದಕ್ಕಿಂತ ಊರಿನಲ್ಲಿಯೇ ಬೆಲ್ಲ, ಎಣ್ಣೆ, ಹಿಟ್ಟು ಮೊದಲಾದ ಪದಾರ್ಥಗಳನ್ನಾಗಿ ಮಾಡಿ ಮಾರಿದರೆ ಹೆಚ್ಚು ಬೆಲೆ ದೊರೆಯುವುದೆಂಬುದು ಜಮೀನುದಾರರಿಗೆ ತಿಳಿಯದ ಸಂಗತಿಯಲ್ಲ. ಇದಕ್ಕೆ ಬೇಕಾದ ಬಂಡವಾಳವು ಎಲ್ಲರಲ್ಲಿಯೂ ಇಲ್ಲದ ಕಾರಣ ಸರ್ಕಾರದವರು ಸಹಾಯಧನವನ್ನು ಕೊಡುತ್ತ ಬಂದಿರುತ್ತಾರೆ. ಆದರೆ ಆ ಹಣವು ಯಾವಾಗ, ಯಾವ ರೂಪದಲ್ಲಿ ಬರುವುದೆಂಬುದನ್ನು ವಿಚಾರಿಸದೆ ಕೆಲಸಕ್ಕೆ ಕೈಹಾಕಿದವರು ಜಮೀನನ್ನೇ ಅಡವಿಡಬೇಕಾಗಿ ಬರುವುದುಂಟು.

ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರದವರು 2020ರಲ್ಲಿ ಆರಂಭಿಸಿದ ಪ್ರಧಾನ ಮಂತ್ರಿಗಳ ಯೋಜನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಅರ್ಹ ವೆಚ್ಚದ ಶೇಕಡ 35ರಷ್ಟು, 10 ಲಕ್ಷ ರೂಪಾಯಿಗೆ ಮೀರದಂತೆ, ಸಹಾಯಧನವು ಗೊತ್ತುಮಾಡಲ್ಪಟ್ಟಿತು. ಈ ಬಾಬ್ತಿನಲ್ಲಿ ನೂರಕ್ಕೆ 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. ಕರ್ನಾಟಕ ಸರ್ಕಾರದವರು ತಮ್ಮ ಖಜಾನೆಯಿಂದ ಮತ್ತೆ ಶೇಕಡ 15ನ್ನು ಸೇರಿಸಿ, ಒಟ್ಟು ಶೇಕಡ 50, ಗರಿಷ್ಠ 15 ಲಕ್ಷ ಎಂದು ವಿಧಿಸಿದರು.

ಮಂಡ್ಯ ಜಿಲ್ಲೆಗೆ ಈ ಯೋಜನೆಯಲ್ಲಿ ಬೆಲ್ಲವು ವಿಶೇಷ ಉತ್ಪನ್ನವೆಂದು ನಿಗದಿಯಾಯಿತು. ಅಲ್ಲಿನ ರೈತನೊಬ್ಬನು 20 ಲಕ್ಷ ವೆಚ್ಚದಲ್ಲಿ ಹೊಸ ಮಾದರಿಯ ಆಲೆಮನೆಯನ್ನು ಹೂಡುವನೆಂದು ಭಾವಿಸಬಹುದು. ಶೇಕಡ 10ರಂತೆ 2 ಲಕ್ಷವನ್ನು ಆತನು ಸ್ವಂತವಾಗಿ ತೊಡಗಿಸಿ, ಉಳಿದ 18 ಲಕ್ಷವನ್ನು ಬ್ಯಾಂಕಿನಿಂದ ಸಾಲವಾಗಿ ಪಡೆಯತಕ್ಕದ್ದು. ಸಹಾಯಧನವು 10 ಲಕ್ಷ. ಇದರಲ್ಲಿ ಕೇಂದ್ರದ ಪಾಲು 4,20,000 ರೂಪಾಯಿ, ರಾಜ್ಯದ ಪಾಲು 5,80,000 ರೂಪಾಯಿ. ಅಂದರೆ ಅರ್ಧಕ್ಕಿಂತ ಹೆಚ್ಚು ಭಾರವು ರಾಜ್ಯದ ಖಜಾನೆಯ ಮೇಲೆಯೇ ಬೀಳುವುದು.

ಮುಖ್ಯವಾಗಿ ಗಮನಿಸತಕ್ಕ ಅಂಶವೇನೆಂದರೆ, ಈ 10 ಲಕ್ಷವು ರೈತನ ಕೈಗೆ ಬರುವುದೇ ಇಲ್ಲ. ಹಿಂದಿನ ಕಾಲದ ತಕ್ಕಾವಿಯಲ್ಲಿ ಹಣವು ಮೊದಲು ಕೈಸೇರಿ, ತೀರಿಸುವ ಚಿಂತೆಯು ಆಮೇಲೆ ಬರುತ್ತಿತ್ತು. ಇಲ್ಲಿಯ ಕ್ರಮವು ಬೇರೆ. ಸಹಾಯಧನವು ಸಾಲವನ್ನು ಕೊಟ್ಟ ಬ್ಯಾಂಕಿನಲ್ಲಿಯೇ ಪ್ರತ್ಯೇಕ ಖಾತೆಗೆ ಜಮಾ ಆಗಿ ನಿಲ್ಲುವುದು. ಸಾಲದ ಕಡೆಯ ಕಂತು ಬಟವಾಡೆಯಾಗಿ ಮೂರು ವರ್ಷ ಕಳೆದ ಮೇಲೆ, ಆಲೆಮನೆಯು ನಡೆಯುತ್ತಿದ್ದು ಸಾಲದ ಕಂತುಗಳೂ ಸರಿಯಾಗಿ ಸಂದಾಯವಾಗುತ್ತಿದ್ದರೆ, ಅದನ್ನು ಸಾಲಕ್ಕೆ ವಜಾ ಹಾಕುವರು. ನಡುವೆ ಸಾಲವು ಕೆಟ್ಟುಹೋದರೆ ಬ್ಯಾಂಕಿನವರು ಆ ಹಣವನ್ನು ತಮ್ಮ ಬಾಕಿಗೆ ಹಿಡಿದುಕೊಳ್ಳುವರು. ಮಿಕ್ಕ ಸಾಲವು ರೈತನ ತಲೆಯ ಮೇಲೆಯೇ ಉಳಿಯುವುದು. ಆದಕಾರಣ ಈ ಮೂರು ವರ್ಷಗಳ ಕಂತನ್ನು ಬೆಲ್ಲದ ಆದಾಯದಿಂದಲೇ ತೀರಿಸಬಹುದೇ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. "ಸಹಾಯಧನ ಬಂದೊಡನೆ ತೀರಿಸುತ್ತೇನೆ" ಎಂದು ಸಾಹುಕಾರರಲ್ಲಿ ಕೈಗಡ ಪಡೆಯುವುದು ಕೇವಲ ಅವಿವೇಕ. ಕೂಡಿಟ್ಟ ಸಹಾಯಧನದಷ್ಟು ಸಾಲಕ್ಕೆ ಬಡ್ಡಿಯು ಹೇಗೆಂಬುದನ್ನೂ ಬ್ಯಾಂಕಿನವರಿಂದ ಬರೆಹದಲ್ಲಿ ಪಡೆಯುವುದು ಲೇಸು.

ಜಮೀನಿನ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸಲಾಗದು. ಊರ ಮುಂದಣ ನೆಲಕ್ಕೆ ಎಷ್ಟೇ ಬೆಲೆಯಿದ್ದರೂ ಅದು ರೈತನ ವಂತಿಗೆಯಲ್ಲ. ವೆಚ್ಚವನ್ನು ಹಿಗ್ಗಿಸಿ ತೋರಿಸುವುದರಿಂದಲೂ ಪ್ರಯೋಜನವಿಲ್ಲ. 40 ಲಕ್ಷದ ಕಾರ್ಖಾನೆಗೂ 15 ಲಕ್ಷಕ್ಕೆ ಮೀರಿ ದೊರೆಯದಾಗಿ, ಸಹಾಯವು ಶೇಕಡ 37½ಕ್ಕೆ ಇಳಿದು, ಸಾಲವು ಮಾತ್ರ ಬೆಳೆಯುವುದು.

ಅರ್ಜಿಯನ್ನು ಮಂಜೂರು ಮಾಡಿಸುವೆವೆಂದು ಹಣ ಕೇಳುವ ಮಧ್ಯವರ್ತಿಗಳ ವಿಷಯದಲ್ಲಿ ಗ್ರಾಮದ ಮುಖಂಡರು ಎಚ್ಚರವಾಗಿರತಕ್ಕದ್ದು. ಯೋಜನಾ ವರದಿ ಬರೆಯುವುದಕ್ಕೂ ಬ್ಯಾಂಕಿನ ವ್ಯವಹಾರಕ್ಕೂ ನೆರವಾಗಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳೆಂಬವರನ್ನು ನೇಮಿಸುವ ಏರ್ಪಾಡು ಈ ಯೋಜನೆಯಲ್ಲಿಯೇ ಇದ್ದು, ಅವರ ಪ್ರತಿಫಲವು ಯೋಜನೆಯ ಹಣದಿಂದಲೇ ಸಲ್ಲತಕ್ಕದ್ದು. ಇಂಥ ಯೋಜನೆಗಳಿಗೆ ಅವಧಿಯುಂಟಾದ್ದರಿಂದ, ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಆ ವರ್ಷದ ಆದೇಶವನ್ನು ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.