ಇಲಿ ಬಿಲದಾಗಿನ ಜೀರುಂಡೆ



ಜೋಳದ ರಾಶಿ ಮುಗಿದ ಮೇಲೆ ಒಡ್ಡಿನ ಮೇಲಿನ ಇಲಿ ಬಿಲ ಅಗೆದು ತೆನೆ ತೆಗೆಯುವುದು ನಮ್ಮ ಕಡೆ ಎಷ್ಟೋ ಹುಡುಗರಿಗೆ ಗೊತ್ತಿರುವ ಕೆಲಸ. ಅಗೆಯುವಾಗ ಇಲಿಗಿಂತ ಮೊದಲು ಬೇರೆ ಜೀವಿಗಳೇ ಹೊರಗೆ ಬರುತ್ತವೆ. ಚೇಳು, ಜಿರಲೆ, ಕರೀ ಹುಳ. "ಏ, ಹುಳಾ ಐತಿ ಬಿಡೋ" ಅಂತ ಸಲಿಕೆಯಿಂದ ಬಡಿದು ಮುಂದಕ್ಕೆ ಹೋಗುತ್ತೇವೆ. ಈ ಸಲದ ಪಾಠ ಆ ಕರೀ ಹುಳದ ಬಗ್ಗೆ.

ಮೊದಲು ಅದರ ಮನೆ ನೋಡೋಣ. ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಎರಿ ಭೂಮಿಯೂ ಇದೆ, ಮಸಾರಿಯೂ ಇದೆ, ಕಲ್ಲುಗುಡ್ಡವೂ ಇದೆ. ಎರಿ ಹೊಲ ಬೇಸಿಗೆಯಲ್ಲಿ ಬಿರಿಯುತ್ತದೆ. ಮೆತ್ತನೆ ತುಪ್ಪಳದ ಹೊಲದ ಇಲಿ ಆ ಬಿರುಕಿನಲ್ಲೇ ಸಂಸಾರ ಹೂಡುತ್ತದೆ. ಹೆಗ್ಗಣದ ಜಾತಿಯ ಇಲಿ ಹಾಗಲ್ಲ. ಅದು ಒಡ್ಡಿನಲ್ಲಿ ತೋಡಿ, ಮಣ್ಣನ್ನು ಬಾಯಿ ಮುಂದೆ ಗುಂಪಿ ಹಾಕಿ, ಬಾಯಿಗೂ ಮಣ್ಣು ಮೆತ್ತಿ, ಒಳಗೆ ಕಾಳು ಕೂಡಿಡುತ್ತದೆ. ನಮ್ಮ ಹಿರಿಯರ ಹಗೇವು ಇದ್ದ ಹಾಗೆ! ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದರೂ ಆಳದ ಬಿಲದಲ್ಲಿ ಹಗಲು ರಾತ್ರಿಗೆ ಅಷ್ಟು ಫರಕು ಇರುವುದಿಲ್ಲ. ಇಲಿಯ ಉಸಿರಿನಿಂದ ಒಳಗಿನ ಗಾಳಿ ತೇವವಾಗಿಯೂ ಇರುತ್ತದೆ. ತಂಪು, ತೇವ, ಕತ್ತಲೆ. ಹುಳಕ್ಕೆ ಇನ್ನೇನು ಬೇಕು?

ದಕ್ಷಿಣ ಭಾರತದ ಒಣ ಕುರುಚಲು ನೆಲದಲ್ಲಿ ಆರು ಚುಕ್ಕೆಯ ನೆಲಜೀರುಂಡೆ ಇದೆ. ವಿಜ್ಞಾನದ ಹೆಸರು ಆಂಥಿಯಾ ಸೆಕ್ಸ್‌ಗುಟ್ಟಾಟಾ. ಲ್ಯಾಟಿನ್ ಭಾಷೆಯಲ್ಲಿ ಸೆಕ್ಸ್ ಎಂದರೆ ಆರು, ಗುಟ್ಟಾ ಎಂದರೆ ಹನಿ. 1775ರಲ್ಲಿ ಫ್ಯಾಬ್ರೀಸಿಯಸ್ ಎಂಬ ವಿಜ್ಞಾನಿ ಇದನ್ನು ವರ್ಣಿಸಿದ. ಹಗಲು ಕಲ್ಲಿನ ಬುಡ, ಬಿರುಕು, ಬಿಲಗಳಲ್ಲಿ ಅಡಗಿದ್ದು ಕತ್ತಲಾದ ಮೇಲೆ ಬೇಟೆಗೆ ಬರುತ್ತದೆ. ಬಿಲ ತೋಡುವ ಕಷ್ಟ ಇಲಿಯದು, ನೆರಳು ಇದರದು.

ಉದ್ದ ಸುಮಾರು 4 ಸೆಂಟಿಮೀಟರ್. ಎಲ್ಲ ಕೀಟಗಳಂತೆ ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗ, ಆರು ಕಾಲು. ತಲೆಯ ಮುಂದೆ ಇಕ್ಕಳದಂಥ ದವಡೆ. ಬೇರೆ ಹುಳಗಳನ್ನು ಹಿಡಿದು ತಿನ್ನಲು. ಕತ್ತಲೆಯಲ್ಲಿ ದಾರಿ ತಡವಲು ಉದ್ದನೆ ಕುಡಿಮೀಸೆ. ಎದೆಯ ಮೇಲೆ ಎರಡು, ಬೆನ್ನಿನ ಮೇಲೆ ನಾಲ್ಕು ಬಿಳಿ ಚುಕ್ಕೆ. ಅದು ಬಣ್ಣವಲ್ಲ, ಸಣ್ಣ ಸಣ್ಣ ಬಿಳಿ ಕೂದಲಿನ ಗುಂಪು.

ಈಗ ಮುಖ್ಯ ಮಾತು. ಜೀರುಂಡೆಗಳಿಗೆ ಮೇಲೆ ಗಟ್ಟಿ ರೆಕ್ಕೆ, ಅದರಡಿ ಹಾರುವ ತೆಳು ರೆಕ್ಕೆ ಇರುವುದು ರೂಢಿ. ಇದಕ್ಕೆ ಹಾರುವ ರೆಕ್ಕೆಯೇ ಇಲ್ಲ! ಮೇಲಿನ ಎರಡು ಗಟ್ಟಿ ರೆಕ್ಕೆಗಳು ಕೂಡಿ ಮುಚ್ಚಳದಂತಾಗಿವೆ. ಕೀಟಗಳು ಮೂಗಿನಿಂದ ಉಸಿರಾಡುವುದಿಲ್ಲ, ಮೈಮೇಲಿನ ರಂಧ್ರಗಳಿಂದ ಉಸಿರಾಡುತ್ತವೆ ಎಂದು ಓದಿದ್ದೀರಿ. ಒಣ ನೆಲದ ಹಾರದ ಜೀರುಂಡೆಗಳಲ್ಲಿ ಹೊಟ್ಟೆಯ ಆ ರಂಧ್ರಗಳು ಮುಚ್ಚಳದ ಒಳಗೆ ತೆರೆಯುತ್ತವೆ. ಆದ್ದರಿಂದ ಉಸಿರಿನ ತೇವ ಬಿಸಿಲಿಗೆ ಬೇಗ ಆರಿ ಹೋಗುವುದಿಲ್ಲ. ಹಾರುವುದನ್ನು ಬಿಟ್ಟು ನೀರು ಉಳಿಸಿಕೊಂಡಿದೆ ಅನ್ರಿ.

ಇದನ್ನೇ ಹೋಲುವ ಇನ್ನೊಂದು ಹುಳ ಇದೆ, ಏಳು ಚುಕ್ಕೆಯ ಕಾಡು ಜಿರಲೆ. ಬೆನ್ನು ನೋಡಿದರೆ ಫರಕು ಗೊತ್ತಾಗುತ್ತದೆ. ಜೀರುಂಡೆಯ ರೆಕ್ಕೆಗಳು ನಡುವೆ ನೆಟ್ಟಗೆ ಗೆರೆ ಎಳೆದಂತೆ ಕೂಡುತ್ತವೆ, ಜಿರಲೆಯ ರೆಕ್ಕೆ ಒಂದರ ಮೇಲೊಂದು ಬರುತ್ತದೆ. ಜಿರಲೆ ಈ ವೇಷ ಹಾಕಿದ್ದು ಯಾಕೆಂದರೆ ಜೀರುಂಡೆಯನ್ನು ಯಾರೂ ಮುಟ್ಟುವುದಿಲ್ಲ ಎಂದು ವಿಜ್ಞಾನಿಗಳ ಊಹೆ. ಜೀರುಂಡೆಯನ್ನು ಕೆಣಕಿದರೆ ಹಿಂಭಾಗದಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಕಣ್ಣಿಗೆ ಬಿದ್ದರೆ ಅಪಾಯ. ಉಜ್ಜಬಾರದು. ಬಹಳ ಹೊತ್ತು ನೀರಿನಿಂದ ತೊಳೆದು ದವಾಖಾನೆಗೆ ಹೋಗಬೇಕು.

ನಮ್ಮ ಜೀರುಂಡೆ ಬಿಲಕ್ಕೆ ಬಂದು ಹೋಗುವ ನೆಂಟ. ಬಿಲವನ್ನೇ ನೆಚ್ಚಿದ ಜೀರುಂಡೆ ಯುರೋಪಿನಲ್ಲಿದೆ, ಹೆಸರು ಲೆಪ್ಟಿನಸ್. 2-3 ಮಿಲಿಮೀಟರ್ ಉದ್ದ, ಚಪ್ಪಟೆ, ಕಂದು ಬಣ್ಣ. ಇಲಿಯ ಗೂಡಿನ ಕತ್ತಲಲ್ಲೇ ಇರುವ ಅದಕ್ಕೆ ಹಾರುವ ರೆಕ್ಕೆಯೂ ಇಲ್ಲ, ಕಣ್ಣೂ ಇಲ್ಲದಂತೆಯೇ. ಅದರ ಬಳಗದ ಇನ್ನೊಂದು ನೀರಂಚಿನ ಬೀವರ್ ಪ್ರಾಣಿಯ ಮೈಮೇಲೇ ಇರುತ್ತದೆ. 1869ರಲ್ಲಿ ಅದನ್ನು ಮೊದಲು ವರ್ಣಿಸಿದವರು ಚಿಗಟ ಎಂದೇ ತಿಳಿದಿದ್ದರು, ಅಷ್ಟು ಬದಲಾಗಿದೆ ಅದರ ಮೈ.

ಇನ್ನು ಬಿಲ ಅಗೆಯುವವರಿಗೆ. ಬಿಲದೊಳಗೆ ಬರಿಗೈ ಹಾಕಬ್ಯಾಡ್ರಿ. ಇಲಿ ಹುಡುಕಿಕೊಂಡು ನಾಗರಹಾವು ಅದೇ ಬಿಲಕ್ಕೆ ಹೋಗುತ್ತದೆ. ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು ಬ್ಯಾಡ, ಮಂತ್ರಕ್ಕೆ ಕಾಯುವುದೂ ಬ್ಯಾಡ. ಕಚ್ಚಿದ ಕೈ ಅಲುಗಿಸದೆ ದೊಡ್ಡ ದವಾಖಾನೆಗೆ ಒಯ್ಯಬೇಕು, ಹಾವಿನ ವಿಷಕ್ಕೆ ಔಷಧ ಇರುವುದು ಅಲ್ಲಿ. ಇನ್ನೊಂದು ಮಾತು, ಜಿಂಕ್ ಫಾಸ್ಫೈಡ್ ಪಾಷಾಣ ಇಟ್ಟ ಹೊಲದ ಬಿಲದಿಂದ ತೆನೆ, ಕಾಳು ತಂದು ಸುಟ್ಟು ತಿನ್ನಬಾರದು. ಇಲಿಯ ಹೊಟ್ಟೆಯಲ್ಲಿ ವಿಷಗಾಳಿಯಾಗುವ ಆ ಪುಡಿ ನಮ್ಮ ಹೊಟ್ಟೆಯಲ್ಲೂ ಅದನ್ನೇ ಮಾಡುತ್ತದೆ. ಪಾಷಾಣ ಇಟ್ಟಿದ್ದಾರೋ ಇಲ್ಲವೋ ಎಂದು ಹೊಲದವರನ್ನು ಕೇಳಿಯೇ ಸಲಿಕೆ ಹಾಕ್ರಿ.

ಚುಕ್ಕೆಯ ಹುಳ ಕಂಡವರು ಬಡಿಯದೆ, ಮುಟ್ಟದೆ, ಎರಡು ಮಾರು ದೂರ ನಿಂತು ಚುಕ್ಕೆ ಎಣಿಸಿರಿ, ಬೆನ್ನಿನ ಗೆರೆ ನೋಡಿರಿ. ಯಾವ ಊರು, ಎರಿಯೋ ಮಸಾರಿಯೋ, ಎಷ್ಟು ಹೊತ್ತಿಗೆ ಕಂಡಿತು ಎಂಬುದನ್ನು ಪಕ್ಕದ ಖಾಲಿ ಹಾಳೆಯಲ್ಲಿ ನಿಮ್ಮ ತರಗತಿಯೊಂದಿಗೆ ಬರೆಯಿರಿ.