ಅಡ್ಡಗಾಲಿನ ಆಟ: ಶೀಘ್ರ ಚದುರಂಗದಲ್ಲಿ ಸ್ಟಾಫರ್ಡ್ ಗ್ಯಾಂಬಿಟ್

ಇಟಲಿಯ ಭಾಷೆಯಲ್ಲಿ 'ಗಾಂಬಾ' ಎಂದರೆ ಕಾಲು. ಅದರಿಂದ ಹುಟ್ಟಿದ 'ಗಾಂಬೆತ್ತೋ' ಎಂಬ ಶಬ್ದಕ್ಕೆ ಅಡ್ಡಗಾಲು ಕೊಟ್ಟು ಎದುರಾಳಿಯನ್ನು ಕೆಡಹುವುದೆಂದು ಅರ್ಥ. ಸ್ಪೇನ್ ದೇಶದ ಪಾದ್ರಿ ರೂಯ್ ಲೋಪೆಜ್ 1561ರಲ್ಲಿ ಪ್ರಕಟಿಸಿದ ತನ್ನ ಚದುರಂಗ ಗ್ರಂಥದಲ್ಲಿ ಈ ಮಾತನ್ನು ಆಟದ ಪರಿಭಾಷೆಯಾಗಿ ಬಳಸಿದನು. ಆಟದ ಆದಿಯಲ್ಲಿಯೇ ತನ್ನ ಕಾಲಾಳೊಂದನ್ನು ಬುದ್ಧಿಪೂರ್ವಕವಾಗಿ ಬಿಟ್ಟುಕೊಟ್ಟು, ಅದರ ಬೆಲೆಗೆ ಉಳಿದ ಕಾಯಿಗಳಿಗೆ ದಾರಿಯನ್ನು ಸಂಪಾದಿಸುವ ಉಪಾಯವೇ ಗ್ಯಾಂಬಿಟ್. ಕನ್ನಡದಲ್ಲಿ 'ಬಲಿಹೂಟ' ಎಂದರೆ ಒಪ್ಪೀತು. ಆದರೆ ಆಡುವವರ ಬಾಯಲ್ಲಿ ಗ್ಯಾಂಬಿಟ್ ಎಂದೇ ನೆಲೆಸಿರುವುದರಿಂದ ಇಲ್ಲಿಯೂ ಅದನ್ನೇ ಉಳಿಸಿಕೊಳ್ಳಲಾಗಿದೆ.

ಬಲಿಗಳೆಲ್ಲ ಒಂದೇ ಬಗೆಯವಲ್ಲ. ರಾಣಿಯ ಗ್ಯಾಂಬಿಟ್ಟಿನಲ್ಲಿ ಕೊಟ್ಟ ಕಾಲಾಳನ್ನು ಮರಳಿ ಪಡೆಯುವುದು ಕಷ್ಟವಲ್ಲ. ಅದು ಬಲಿಯೆನ್ನುವುದಕ್ಕಿಂತ ಸಾಲವೆನ್ನುವುದೇ ಮೇಲು. ರಾಜನ ಗ್ಯಾಂಬಿಟ್ಟು ಸಾಹಸದ್ದು. 1851ರಲ್ಲಿ ಲಂಡನ್ನಿನಲ್ಲಿ ಆಂಡರ್‌ಸನ್ ಎಂಬ ಜರ್ಮನ್ ಆಟಗಾರನು ಕೀಸರಿಟ್‌ಸ್ಕಿಯ ಎದುರು ಅದನ್ನು ಆಡಿ, ಒಂದು ಒಂಟೆ, ಎರಡು ಆನೆ, ಕಡೆಗೆ ರಾಣಿಯನ್ನೂ ಕೊಟ್ಟು ಗೆದ್ದ ಆಟ 'ಅಮರ ಆಟ'ವೆಂದು ಹೆಸರಾಯಿತು. ಮುಂದೆ 1886ರಲ್ಲಿ ಪ್ರಥಮ ವಿಶ್ವವಿಜೇತನಾದ ಸ್ಟೈನಿಟ್ಸ್, ಬಲಿಯನ್ನು ಸ್ವೀಕರಿಸಿ ತಾಳ್ಮೆಯಿಂದ ರಕ್ಷಿಸಿಕೊಂಡರೆ ಅವಸರದ ಆಕ್ರಮಣವು ತಾನಾಗಿ ಸೋಲುತ್ತದೆಂದು ತೋರಿಸಿದನು. ಅಲ್ಲಿಂದೀಚೆಗೆ ಅನೇಕ ಗ್ಯಾಂಬಿಟ್ಟುಗಳು 'ಅಶುದ್ಧ'ವೆಂಬ ಪಂಕ್ತಿಗೆ ಸೇರಿದವು. ಸರಿಯಾದ ಉತ್ತರ ದೊರೆತರೆ ಆಡಿದವನಿಗೇ ನಷ್ಟವಾಗುವ ಹೂಟವು ಅಶುದ್ಧ. 'ದೊರೆತರೆ' ಎಂಬ ಈ ಪಕ್ಷಾರ್ಥದಲ್ಲಿಯೇ ಪ್ರಕೃತ ವಿಷಯವೆಲ್ಲ ಅಡಗಿದೆ. ಉತ್ತರವನ್ನು ಹುಡುಕುವುದಕ್ಕೆ ಕಾಲ ಬೇಕು. ಆ ಕಾಲವೇ ಇಲ್ಲದಿದ್ದರೆ?

ಹತ್ತು ನಿಮಿಷ ಅಥವಾ ಅದಕ್ಕೂ ಕಡಿಮೆ ಅವಧಿಯ ಆಟವನ್ನು ಅಂತರರಾಷ್ಟ್ರೀಯ ನಿಯಮಗಳು 'ಬ್ಲಿಟ್ಸ್' ಎನ್ನುತ್ತವೆ. ಅಂತರ್ಜಾಲದ ಆಟದಲ್ಲಿ ಮೂರು ನಿಮಿಷ, ಒಂದು ನಿಮಿಷದ ಪಂದ್ಯಗಳೂ ಸಾಮಾನ್ಯ. ಎದುರಾಳಿ ಆಡುವುದಕ್ಕೆ ಮೊದಲೇ ತನ್ನ ಮುಂದಿನ ನಡೆಯನ್ನು ಒತ್ತಿಡುವ ಅನುಕೂಲವೂ ಅಲ್ಲುಂಟು. (ಇದನ್ನು ಅನುಕೂಲವೆನ್ನಬೇಕೋ ಅನರ್ಥವೆನ್ನಬೇಕೋ ಎಂಬುದು ಬೇರೆಯ ಚರ್ಚೆ.) ಇಂಥ ಕಣದಲ್ಲಿ ಪುನರ್ಜನ್ಮ ಪಡೆದ ಅಶುದ್ಧ ಹೂಟಗಳಲ್ಲಿ ಸ್ಟಾಫರ್ಡ್ ಗ್ಯಾಂಬಿಟ್ ಮುಖ್ಯವಾದುದು. ಅಮೆರಿಕದ ಇಂಟರ್‌ನ್ಯಾಷನಲ್ ಮಾಸ್ಟರ್ ಎರಿಕ್ ರೋಸನ್ 2020ರ ಸುಮಾರಿಗೆ ತಮ್ಮ ವಿಡಿಯೋ ಪಾಠಗಳಲ್ಲಿ ಇದನ್ನು ಆಡಿ ತೋರಿಸಿದ ಮೇಲೆ ಇದು ಲೋಕಪ್ರಸಿದ್ಧವಾಯಿತು.

ವಿದ್ಯಾರ್ಥಿಗಳು ಮಣೆಯನ್ನು ಎದುರಿಗಿಟ್ಟುಕೊಂಡು ಮುಂದಿನದನ್ನು ಓದಬೇಕು. ಅಡ್ಡಸಾಲುಗಳನ್ನು ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಎಣಿಸುವುದು. ಉದ್ದಸಾಲುಗಳನ್ನು ಬಿಳಿಯ ಎಡದಿಂದ ಎ, ಬಿ, ಸಿ ಎಂದು ಎಚ್‌ವರೆಗೆ ಕರೆಯುವುದು.

ಬಿಳಿ ತನ್ನ ರಾಜನ ಮುಂದಿನ ಕಾಲಾಳನ್ನು ಇ4ಕ್ಕೆ ನಡೆಸುತ್ತದೆ, ಕಪ್ಪು ಇ5ಕ್ಕೆ. ಬಿಳಿಯ ಕುದುರೆ ಎಫ್3ಕ್ಕೆ ಬಂದು ಇ5ರ ಕಾಲಾಳನ್ನು ಬೆದರಿಸುತ್ತದೆ. ಕಪ್ಪು ಅದನ್ನು ರಕ್ಷಿಸದೆ ತನ್ನ ಕುದುರೆಯನ್ನು ಎಫ್6ಕ್ಕೆ ತಂದು ಇ4ರ ಕಾಲಾಳನ್ನು ಎದುರು ಬೆದರಿಸುತ್ತದೆ. ಇಲ್ಲಿಯವರೆಗೆ ಇದು ರಷ್ಯದ ಪೆಟ್ರೋವನ ಹೆಸರಿನ ಶುದ್ಧ ರಕ್ಷಣೆಯೇ. ಬಿಳಿಯ ಕುದುರೆ ಇ5ರ ಕಾಲಾಳನ್ನು ಹೊಡೆದಾಗ, ಕಪ್ಪು ಡಿ6 ಎಂದು ಅದನ್ನು ಓಡಿಸುವುದು ಶಾಸ್ತ್ರೋಕ್ತ. ಸ್ಟಾಫರ್ಡಿನಲ್ಲಿಯಾದರೋ ಕಪ್ಪು ತನ್ನ ಎರಡನೆಯ ಕುದುರೆಯನ್ನು ಸಿ6ಕ್ಕೆ ಇಟ್ಟು 'ಹೊಡೆ' ಎನ್ನುತ್ತದೆ. ಕುದುರೆ ಕುದುರೆಯನ್ನು ಹೊಡೆಯುತ್ತದೆ. ಕಪ್ಪಿನ ಡಿ ಸಾಲಿನ ಕಾಲಾಳು ಸಿ6ರಲ್ಲಿ ಅದನ್ನು ಮರಳಿ ಹೊಡೆಯುತ್ತದೆ.

ಲೆಕ್ಕ ನೋಡಿದರೆ ಕಪ್ಪಿಗೆ ಒಂದು ಕಾಲಾಳು ನಷ್ಟ. ಅದಲ್ಲದೆ ಸಿ ಸಾಲಿನಲ್ಲಿ ಎರಡು ಕಾಲಾಳುಗಳು ಒಂದರ ಹಿಂದೊಂದು ನಿಂತಿವೆ. ಕಡೆಯಾಟದಲ್ಲಿ ಇದು ದೊಡ್ಡ ದೋಷ. ಲಾಭವೇನು? ಎರಡು ಒಂಟೆಗಳಿಗೂ ದಾರಿ ತೆರೆಯಿತು. ರಾಣಿಗೆ ಡಿ ಸಾಲು ತೆರೆಯಿತು. ಬಿಳಿಯ ಕುದುರೆ ನಾಲ್ಕು ನಡೆಗಳಲ್ಲಿ ಮೂರನ್ನು ತಾನೇ ವೆಚ್ಚಮಾಡಿ ಮಣೆಯಿಂದಲೇ ಹೋಯಿತು.

ಈಗ ಬಿಳಿಯ ಐದನೆಯ ನಡೆ. ಡಿ3 ಎಂದು ಇ4ರ ಕಾಲಾಳಿಗೆ ಆಸರೆ ಕೊಡುವುದು ಉತ್ತಮ. ಕಪ್ಪಿನ ಒಂಟೆ ಸಿ5ಕ್ಕೆ ಬಂದು, ರಾಜನೊಬ್ಬನೇ ಕಾಯುತ್ತಿರುವ ಎಫ್2 ಮನೆಯ ಮೇಲೆ ಕಣ್ಣಿಡುತ್ತದೆ. ಮೂರು ನಿಮಿಷದ ಆಟದಲ್ಲಿ ಬಿಳಿಯವನ ಕೈ ತಾನಾಗಿ ಒಂಟೆಯನ್ನು ಜಿ5ಕ್ಕೆ ಒಯ್ಯುತ್ತದೆ. ಏಕೆಂದರೆ ಅವನು ಓದಿದ್ದಾನೆ: ಹೊಸ ಕಾಯಿಯನ್ನು ಹೊರತರಬೇಕು, ಕುದುರೆಯನ್ನು ಅದರ ಹಿಂದಿನ ರಾಣಿಯ ಜೊತೆಗೆ ಕಟ್ಟಿಹಾಕಬೇಕು, ರಾಣಿಯನ್ನು ಬಿಟ್ಟು ಆ ಕುದುರೆ ಕದಲಲಾರದು. ಆದರೆ ಕುದುರೆ ಕದಲುತ್ತದೆ. ಅದು ಇ4ರ ಕಾಲಾಳನ್ನು ಹೊಡೆಯುತ್ತದೆ. ಬಿಳಿಯ ಒಂಟೆ ಆಸೆಯಿಂದ ರಾಣಿಯನ್ನು ಹೊಡೆದರೆ, ಕಪ್ಪಿನ ಒಂಟೆ ಎಫ್2ರಲ್ಲಿ ಚೆಕ್ ಕೊಡುತ್ತದೆ. ರಾಜನಿಗೆ ಇ2 ಒಂದೇ ದಾರಿ. ಆಗ ಇನ್ನೊಂದು ಒಂಟೆ ಜಿ4ಕ್ಕೆ ಬಂದಿತೆಂದರೆ ಚೆಕ್‌ಮೇಟ್. ಎರಡು ಒಂಟೆ, ಒಂದು ಕುದುರೆ. ರಾಣಿಯ ಅಗತ್ಯವೇ ಇಲ್ಲ. ರಾಣಿಯನ್ನು ಬಿಟ್ಟು ಕುದುರೆಯನ್ನು ಕಾಲಾಳಿನಿಂದ ಹೊಡೆದರೂ ಬಿಳಿಗೆ ಕ್ಷೇಮವಿಲ್ಲ: ಎಫ್2ರ ಚೆಕ್ಕಿನಿಂದ ರಾಜನು ಸ್ಥಾನ ಬಿಟ್ಟೊಡನೆ, ತೆರೆದ ಡಿ ಸಾಲಿನಲ್ಲಿ ಬಿಳಿಯ ರಾಣಿ ಹೋಗುತ್ತಾಳೆ.

ಈ ಹೂಟವು ಅಜ್ಞಾನಿಗಳನ್ನು ಮಾತ್ರ ಹಿಡಿಯುವ ಬಲೆಯೆಂದು ಹೇಳುವುದು ರೂಢಿ. ಆ ಮಾತು ಪೂರ್ತಿ ಸರಿಯಲ್ಲ. ಜಿ5ರ ಒಂಟೆ ಅಜ್ಞಾನದ ನಡೆಯಲ್ಲ, ಅಭ್ಯಾಸದ ನಡೆ. ಏನನ್ನೂ ಓದದವನು ಬೇರೇನನ್ನೋ ಆಡಿ ಪಾರಾದಾನು. ಪಾಠವನ್ನು ಉರುಹೊಡೆದು, ಅದರ ಕಾರಣವನ್ನು ಕೇಳದೆ ಬಿಟ್ಟವನು ಇಲ್ಲಿ ಸಿಕ್ಕಿಬೀಳುತ್ತಾನೆ. 'ಕಟ್ಟಿದ ಕುದುರೆ ಕದಲಬಾರದು' ಎಂಬುದು, ಕದಲಿದರೆ ರಾಣಿಗಿಂತ ಹೆಚ್ಚಿನದು ಸಿಗದಿರುವಾಗ ಮಾತ್ರ ಸತ್ಯ. ಗಡಿಯಾರ ಓಡುತ್ತಿರುವಾಗ ಸೂತ್ರ ನೆನಪಾಗುತ್ತದೆ, ಅದರ ಅಪವಾದ ನೆನಪಾಗುವುದಿಲ್ಲ.

ಹಾಗಾದರೆ ಇದು ಮೋಸವೇ? ಶಕುನಿಯ ದಾಳದಲ್ಲಿ ಮರೆಯಿತ್ತು. ಚದುರಂಗದ ಮಣೆಯ ಮೇಲೆ ಮರೆಯೆಂಬುದಿಲ್ಲ. ಮೂವತ್ತೆರಡು ಕಾಯಿಗಳೂ ಇಬ್ಬರ ಕಣ್ಣಿಗೂ ಸಮನಾಗಿ ಕಾಣುತ್ತವೆ. ಆದ್ದರಿಂದ ಮೋಸವೆನ್ನುವುದು ನ್ಯಾಯವಲ್ಲ. ಕೇಡು ತಟ್ಟುವುದು ಬೇರೆ ಕಡೆಗೆ. ಇದನ್ನೇ ದಿನವೂ ಆಡುವವನು ಎದುರಾಳಿ ತಪ್ಪಲೆಂದು ಹಾರೈಸುತ್ತ ಕುಳಿತುಕೊಳ್ಳುವುದನ್ನು ಕಲಿಯುತ್ತಾನೆ. ಹತ್ತು ಆಟಗಳನ್ನು ಎಂಟೆಂಟು ನಡೆಗಳಲ್ಲಿ ಗೆದ್ದವನಿಗೆ, ಹನ್ನೊಂದನೆಯ ಆಟದಲ್ಲಿ ಬಲೆ ಹರಿದಾಗ, ಒಂದು ಕಾಲಾಳು ಕಡಿಮೆಯಿರುವ ಆಟವನ್ನು ನಲವತ್ತು ನಡೆಗಳವರೆಗೆ ಹೇಗೆ ಎಳೆದೊಯ್ಯಬೇಕೆಂಬುದು ತಿಳಿದಿರುವುದಿಲ್ಲ. ಮೇಲ್ಮಟ್ಟಕ್ಕೆ ಏರಿದಷ್ಟೂ ಬಲೆಯನ್ನು ಬಲ್ಲ ಎದುರಾಳಿಗಳೇ ದೊರೆಯುತ್ತಾರೆ. ಆದರೂ ಬಿಡಿಸಿಕೊಳ್ಳುವ ವಿಧಾನವನ್ನು ಮೊದಲು ಕಲಿತು, ಆಮೇಲೆ ಇದನ್ನು ಆಡುವವನಿಗೆ ಕಾಯಿಗಳ ಒಡನಾಟವನ್ನು ಇಷ್ಟು ಬೇಗ ತೋರಿಸಿಕೊಡುವ ಪಾಠ ಬೇರೆ ಸುಲಭವಾಗಿ ಸಿಗದು.

ಬಿಡಿಸಿಕೊಳ್ಳುವ ವಿಧಾನ ದೀರ್ಘವಾದುದಲ್ಲ. ಡಿ3ರ ನಂತರ ಒಂಟೆಯನ್ನು ಜಿ5ಕ್ಕೆ ಒಯ್ಯದೆ, ವಿನಯದಿಂದ ಇ2ರಲ್ಲಿ ನಿಲ್ಲಿಸಬೇಕು. ಆಮೇಲೆ ಸಿ3, ಡಿ4 ಎಂದು ನಡೆದು ಸಿ5ರ ಒಂಟೆಯ ದಾರಿಯನ್ನು ಮುಚ್ಚಬೇಕು. ಕಪ್ಪು ಎಚ್5 ಎಂದು ನಡೆದು ಕುದುರೆಯನ್ನು ಜಿ4ಕ್ಕೆ ತಂದಾಗ, ಅದನ್ನು ಎಚ್ ಸಾಲಿನ ಕಾಲಾಳಿನಿಂದ ಹೊಡೆಯುವ ಆಸೆಯನ್ನು ತಡೆಯಬೇಕು. ಹೊಡೆದರೆ ಆ ಸಾಲು ತೆರೆದು ಕಪ್ಪಿನ ಆನೆಗೆ ರಾಜಮಾರ್ಗವಾಗುತ್ತದೆ. ಇಷ್ಟನ್ನು ಪಾಲಿಸಿದರೆ ಬಿಳಿಯ ಮೇಲುಗೈ ಸ್ಪಷ್ಟ.

ಹೆಸರಿನ ಮೂಲವನ್ನು ನೋಡಿದರೆ ಒಂದು ವಿನೋದವುಂಟು. ಶೀಘ್ರ ಆಟದ ಆಯುಧವೆನಿಸಿದ ಈ ಹೂಟಕ್ಕೆ ಹೆಸರು ಬಂದದ್ದು ಚದುರಂಗದಲ್ಲೆಲ್ಲ ಅತಿ ನಿಧಾನವಾದ ಪ್ರಕಾರದಿಂದ. 1950ರಲ್ಲಿ ಅಮೆರಿಕದಲ್ಲಿ ಲೋವೆನ್ಸ್ ಮತ್ತು ಸ್ಟಾಫರ್ಡ್ ಎಂಬಿಬ್ಬರು ಅಂಚೆಯ ಮೂಲಕ ಆಡಿದ ಆಟ ಅದು. ಒಂದೊಂದು ನಡೆಗೂ ದಿನಗಟ್ಟಲೆ ವಿಚಾರಮಾಡಲು ಅವಕಾಶವಿದ್ದಿತು. ಬಿಳಿಯಾಗಿದ್ದ ಲೋವೆನ್ಸ್ ಐದನೆಯ ನಡೆಯಲ್ಲಿ ಡಿ3 ಆಡದೆ ಇ5 ಎಂದು ಮುನ್ನುಗ್ಗಿದನು. ಕಪ್ಪಿನ ಕುದುರೆ ಇ4ಕ್ಕೆ ಹಾರಿತು. ಆಗ ಅದನ್ನು ಓಡಿಸಲು ಡಿ3 ಆಡಿದನು. ಒಂಟೆ ಸಿ5ಕ್ಕೆ ಬಂದಿತು. ಆರೇ ನಡೆಗಳಲ್ಲಿ ಬಿಳಿ ಸೋಲೊಪ್ಪಿತು. ಐದನೆಯ ನಡೆಯಲ್ಲಿ ಔಷಧವಾಗುವ ಡಿ3 ಆರನೆಯದರಲ್ಲಿ ವಿಷವಾಯಿತು. ಅದೇ ಕಾಲಾಳನ್ನು ಇನ್ನೊಂದು ಮನೆ ಮುಂದಕ್ಕೆ, ಡಿ4ಕ್ಕೆ ನಡೆಸಿದ್ದರೆ ಅದು ಸಿ5ರ ಮೇಲೆ ಕಾವಲು ನಿಂತು, ಕಪ್ಪಿನ ಒಂಟೆಗೆ ಅಲ್ಲಿ ಕಾಲಿಡುವುದಕ್ಕೇ ಎಡೆಯಿರುತ್ತಿರಲಿಲ್ಲ.