ತಂತಿ ಮೀಟುವುದೋ, ಹಾಡುವುದೋ?



ಒಂದು ಭಾನುವಾರ ಬಲಿಪೂಜೆಯ ನಡುವೆ ಕರೆಂಟು ಹೋಯಿತು. ಕೀಬೋರ್ಡ್ ನಿಂತಿತು, ಅದರೊಡನೆ ಗಾಯನವೃಂದವೂ ನಿಂತಿತು. ಮೊದಲ ವಾಚನದ ನಂತರದ ಕೀರ್ತನೆಯನ್ನು ಎತ್ತಿಕೊಳ್ಳುವವರೇ ಇಲ್ಲ. ಪೂಜೆ ಮುಗಿದ ಮೇಲೆ ಹಿರಿಯರೊಬ್ಬರು, "ಸ್ವಾಮಿ, ವಾದ್ಯವಿಲ್ಲದೆ ಕೀರ್ತನೆ ಹಾಡಬಾರದೆಂದು ಕಾನೂನಿದೆಯೇ?" ಎಂದು ಕೇಳಿದರು. ಮಾತು ಚುಚ್ಚಿತು, ನಿಜ. ಆದರೆ ಅದಕ್ಕೆ ಉತ್ತರ ಒಂದು ಹಳೆಯ ಪದದಲ್ಲಿದೆ.

ಗ್ರೀಕ್ ಭಾಷೆಯ ‘ಪ್ಸಾಲ್ಲೊ’ ಎಂಬ ಕ್ರಿಯಾಪದಕ್ಕೆ ಮೂಲದಲ್ಲಿ ಸಂಗೀತದ ನಂಟಿಲ್ಲ. ಬೆರಳಿನಿಂದ ಎಳೆದು ಬಿಡುವುದು ಎಂದಷ್ಟೇ ಅರ್ಥ. ಬಿಲ್ಲಿನ ಹೆದೆಯನ್ನು ಮಿಡಿಯುವುದಕ್ಕೂ, ಬಡಗಿ ಬಣ್ಣದ ದಾರವನ್ನು ಎಳೆದುಬಿಟ್ಟು ಮರದ ಮೇಲೆ ಗೆರೆ ಹೊಡೆಯುವುದಕ್ಕೂ ಅದೇ ಪದ. ಮುಂದೆ ಅದು ತಂತಿವಾದ್ಯವನ್ನು ಬೆರಳಿನಿಂದ ನುಡಿಸುವುದಕ್ಕೆ ಬಳಕೆಯಾಯಿತು. ನಮ್ಮ ‘ಮೀಟು’ ಇದಕ್ಕೆ ತೀರ ಹತ್ತಿರ.

ಕ್ರಿ.ಪೂ. 3ನೆಯ ಶತಮಾನದಿಂದ ಯೆಹೂದ್ಯರು ತಮ್ಮ ಪವಿತ್ರ ಗ್ರಂಥವನ್ನು ಗ್ರೀಕಿಗೆ ಅನುವಾದಿಸುತ್ತಾ ಬಂದಾಗ ಹೀಬ್ರೂವಿನ ‘ಜಾಮರ್’ಗೆ ಸಾಮಾನ್ಯವಾಗಿ ಈ ಪದವನ್ನೇ ಇಟ್ಟರು. 57 ಕೀರ್ತನೆಗಳ ತಲೆಬರಹದಲ್ಲಿರುವ ‘ಮಿಜ್ಮೋರ್’ ಗ್ರೀಕಿನಲ್ಲಿ ‘ಪ್ಸಲ್ಮೊಸ್’ ಆಯಿತು. ಇಂಗ್ಲಿಷಿನ ‘ಸಾಮ್’ ಬಂದದ್ದು ಅಲ್ಲಿಂದ. ಸೌಲನ ಮುಂದೆ ದಾವೀದನು ಕಿನ್ನರಿ ನುಡಿಸಿದ ಪ್ರಸಂಗದಲ್ಲೂ (1 ಸಮುವೇಲ 16:23) ಗ್ರೀಕ್ ಅನುವಾದದಲ್ಲಿ ಇದೇ ಕ್ರಿಯಾಪದವಿದೆ.

ಹೊಸ ಒಡಂಬಡಿಕೆಯ ಹೊತ್ತಿಗೆ ಪದವು ಕೈಯಿಂದ ಕಂಠಕ್ಕೆ ಸರಿದಿತ್ತು. ಸಂತೋಷವಾಗಿರುವವನು ‘ಪ್ಸಾಲ್ಲೊ’ ಮಾಡಲಿ ಎನ್ನುವ ಸಂತ ಯಕೋಬರು (5:13) ಅವನ ಮನೆಯಲ್ಲಿ ವಾದ್ಯವಿದೆಯೇ ಎಂದು ವಿಚಾರಿಸುವುದಿಲ್ಲ. ಸಂತ ಪೌಲರಂತೂ ಎಫೆಸದವರಿಗೆ (5:19) ಇದನ್ನು ಹೃದಯದಿಂದ ಮಾಡಿರಿ ಎಂದು ಬರೆಯುತ್ತಾರೆ. ಮೀಟಬೇಕಾದ ತಂತಿ ಅಲ್ಲಿದೆ ಎಂದು ನಾನು ಓದಿಕೊಳ್ಳುತ್ತೇನೆ.

ಹಾಗಾದರೆ ವಾದ್ಯವೇ ಬೇಡವೇ? ಈ ಒಂದು ಪದ ಹಿಡಿದುಕೊಂಡು ಜಗಳವಾಡಿದ ಕ್ರೈಸ್ತ ಪಂಗಡಗಳೂ ಉಂಟು. ಗ್ರೀಸಿನ ಆರ್ಥೊಡಾಕ್ಸ್ ದೇವಾಲಯಗಳಲ್ಲಿ ಇಂದಿಗೂ ಗಾಯಕನ ಹೆಸರು ‘ಪ್ಸಾಲ್ಟಿಸ್’. ಪದದ ಒಳಗೆ ತಂತಿಯಿದ್ದರೂ ಅವನ ಕೈ ಬರಿದು. ನಮ್ಮ ಧರ್ಮಸಭೆ ವಾದ್ಯವನ್ನು ಬಿಟ್ಟಿಲ್ಲ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಆರಾಧನಾವಿಧಿಯ ದಾಖಲೆ ಪೈಪ್ ಆರ್ಗನ್ನನ್ನು ಗೌರವಿಸಿ, ತಕ್ಕ ಇತರ ವಾದ್ಯಗಳಿಗೂ ಅವಕಾಶ ಕೊಟ್ಟಿದೆ (120). ಆದರೆ ಅದೇ ದಾಖಲೆ ಕೀರ್ತನೆ ಹಾಡುವುದನ್ನು ಜನರ ಪಾಲಿಗೆ ಸೇರಿಸಿದೆ (30), ಕೀಬೋರ್ಡಿನ ಪಾಲಿಗಲ್ಲ.

ಈಗ ನಮ್ಮ ಗಾಯನವೃಂದದವರು ಕೀರ್ತನೆಯನ್ನು ಮೊದಲು ಬರಿಗಂಠದಲ್ಲಿ ಕಲಿಯುತ್ತಾರೆ. ಕೀಬೋರ್ಡಿನ ಹುಡುಗ ಆಮೇಲೆ ಸೇರಿಕೊಳ್ಳುತ್ತಾನೆ. ಮೊದಲ ವಾರ ಶ್ರುತಿ ಎಲ್ಲೆಲ್ಲೋ ಹೋಯಿತು. ಈಗ ಕೆಳಗೆ ಕುಳಿತ ಜನರೂ ದನಿಗೂಡಿಸುತ್ತಿದ್ದಾರೆ. ಪ್ರಶ್ನೆ ಕೇಳಿದ ಆ ಹಿರಿಯರು ಮಾತ್ರ ಪ್ರತಿ ಸಾಲನ್ನೂ ಎಲ್ಲರಿಗಿಂತ ಮೊದಲೇ ಮುಗಿಸಿಬಿಡುತ್ತಾರೆ.